ಪಂಗ್ತಿಯಲ್ಲಿ ನೀರುನಾಯಿ

ಒಬ್ಬನಿಗೆ ಶಾಲು ಹೊದಿಸಿ, ಹಾರ ಹಾಕಿ, ಕೈಗೆ ಮೈಕು ಕೊಟ್ಟು "ತಮ್ಮ ಬಗ್ಗೆ ಎರಡು ಮಾತು ಹೇಳಬೇಕು" ಎಂದು ಕೇಳುವ ಪದ್ಧತಿಯನ್ನು ಯಾವ ಮಹಾನುಭಾವ ಶುರು ಮಾಡಿದನೋ ಗೊತ್ತಿಲ್ಲ. ಕೇಳುವವರಿಗೆ ಉತ್ತರ ಬೇಕಾಗಿರುವುದಿಲ್ಲ. ಹೇಳುವವನಿಗೂ ಅದು ಗೊತ್ತಿರುತ್ತದೆ. "ನಾ ಸಣ್ಣಾಂವ, ನೀವು ದೊಡ್ಡವರು" ಅಂದು, ಕೈ ಮುಗಿದು, ಕೆಳಗೆ ಕೂತುಬಿಟ್ಟರೆ ಊಟದ ಹೊತ್ತು ಮೀರುವುದಿಲ್ಲ. ಹಳಿಯಾಳದ ನೀರು ಬಿಡುವ ಅಂದಾನೆಪ್ಪನಿಗೆ ಮಾತ್ರ ಈ ಲೋಕಜ್ಞಾನ ಇರಲಿಲ್ಲ. ಐವತ್ತೆರಡು ವರ್ಷದ ಬಾಳಿನಲ್ಲಿ ಅವನ ಬಗ್ಗೆ ಅವನನ್ನೇ ಯಾರಾದರೂ ಕೇಳಿದ್ದು ಅದೇ ಮೊದಲು. ಪಾಪ, ನಿಜವಾಗಿಯೇ ಕೇಳುತ್ತಿದ್ದಾರೆ ಎಂದು ತಿಳಿದ.

ಅದು ಎರಡು ಸಾವಿರದ ಮೂರನೇ ಇಸವಿ, ಮಾರ್ಚ್ ತಿಂಗಳು. ಅಂದಾನೆಪ್ಪ ಹೆಗಲ ಮೇಲೆ ಮಾರುದ್ದದ ಕಬ್ಬಿಣದ ಕೀಲಿ ಹೊತ್ತು, ಓಣಿ ಓಣಿ ತಿರುಗಿ, ವಾಲ್ವ್ ತಿರುಗಿಸಿ ನೀರು ಬಿಡುತ್ತಿದ್ದ. ಅದು ಹೊಟ್ಟೆಪಾಡು. ಅವನ ಮರ್ಯಾದೆ ಇದ್ದದ್ದು ಪಂಗ್ತಿಯಲ್ಲಿ. ಓಣಿಯಲ್ಲಿ ಮದುವೆಯಾಗಲಿ, ಮಠದಲ್ಲಿ ದಾಸೋಹವಾಗಲಿ, ಸಾರು ನೀಡುವವನು ಅಂದಾನೆಪ್ಪನೇ. ಪತ್ರಾವಳಿ ಅಂದರೆ ಕಡ್ಡಿ ಚುಚ್ಚಿ ಹೊಲಿದ ಎಲೆ. ಅನ್ನದ ಗುಂಡಿಯ ನಡುವೆ ಬಿದ್ದರೆ ಸಾರು, ಒಂದು ಬೆರಳು ಆಚೆ ಬಿದ್ದರೆ ಧೋತರದ ಪಾಲು. ಅಂದಾನೆಪ್ಪ ಸೊಂಟ ಬಗ್ಗಿಸಿ, ಹಿತ್ತಾಳೆ ಬಕೀಟು ಹಿಡಿದು, ಸಾಲಿನ ನಡುವೆ ಜಾರಿಕೊಂಡು ಹೋದನೆಂದರೆ ಇನ್ನೂರು ಜನರ ಗುಂಡಿಗಳು ತುಂಬುತ್ತಿದ್ದವು, ಒಬ್ಬರ ಮಡಿಲೂ ತೋಯುತ್ತಿರಲಿಲ್ಲ. ಯಾರ ಎಲೆ ಖಾಲಿಯಾಗುತ್ತದೆಂಬುದು ಉಣ್ಣುವವನಿಗಿಂತ ಮೊದಲು ಅವನಿಗೆ ಗೊತ್ತಾಗುತ್ತಿತ್ತು. ಹೀಗೆ ಇಪ್ಪತ್ತೈದು ವರ್ಷ ನೀಡಿದ್ದಕ್ಕೆ ಓಣಿಯ ದಾಸೋಹ ಕಮಿಟಿಯವರು ಅವನಿಗೆ ಸನ್ಮಾನ ಇಟ್ಟುಕೊಂಡಿದ್ದರು. ಶಾಲು ಹೊದಿಸಿದವರು ಕಮಿಟಿಯ ಅಧ್ಯಕ್ಷರು, ಕಾಳಿನ ವ್ಯಾಪಾರಿ ಚನಬಸಪ್ಪನವರು. ಮೈಕು ಕೊಟ್ಟವರೂ ಅವರೇ. ಆಮೇಲೆ ಅದಕ್ಕಾಗಿ ತಮ್ಮ ಕೈಯನ್ನು ತಾವೇ ಬಹಳ ಸಲ ಬೈದುಕೊಂಡರಂತೆ.

ಅಂದಾನೆಪ್ಪ ಮೈಕನ್ನು ಕೀಲಿ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು, ಗಂಟಲು ಸರಿಮಾಡಿಕೊಂಡು ಹೇಳಿದ:

"ಎರಡ ಮಾತು ಅಂದಿದ್ದಕ್ಕ ಹೇಳ್ತೇನ್ರಿ. ಇಷ್ಟ ದಿನ ಯಾರೂ ಕೇಳಿರಲಿಲ್ಲ. ನಾ ಹೊರಗ ಅಂದಾನೆಪ್ಪ ಅದೇನಿ. ಒಳಗ ನೀರುನಾಯಿ ಅದೇನ್ರಿ. ಸಣ್ಣಾಂವ ಇದ್ದಾಗಿಂದನ. ದಾಂಡೇಲಿ ಹೊಳ್ಯಾಗ ಕಲ್ಲಿನ ಮ್ಯಾಲೆ ಅವು ಕುಂತದ್ದು ಕಂಡ್ರ, ಮಂದಿಗೆ ಪ್ರಾಣಿ ಕಂಡಂಗ ಆಗತೈತಿ, ನನಗ ಕಾಕಾ, ದೊಡ್ಡಪ್ಪ ಕಂಡಂಗ ಆಗತೈತಿ. ಇಷ್ಟ ರೀ ನನ್ನ ಬಗ್ಗೆ."

ಇಲ್ಲಿ ನಾನು ಓದುಗರಿಗೆ ಒಂದು ಮಾತು ಹೇಳಬೇಕು. ಬೇರೆ ಊರಾಗಿದ್ದರೆ ಜನ ನಗುತ್ತಿದ್ದರು, ಇಲ್ಲವೇ "ಮನುಷ್ಯ ಪ್ರಾಣಿ ಹೆಂಗಾದಾನು" ಎಂದು ವಾದ ಮಾಡುತ್ತಿದ್ದರು. ನಮ್ಮ ಓಣಿಯವರು ಹಾಗಲ್ಲ. ಜಗತ್ತಿನಲ್ಲಿ ಯಾರು ಏನು ಬೇಕಾದರೂ ಆಗಿರಬಹುದು, ಅದರಲ್ಲಿ ಅವರ ತಕರಾರಿಲ್ಲ. ಅವರಿಗೆ ಇದ್ದದ್ದು ಒಂದೇ ಪ್ರಶ್ನೆ. ಅದನ್ನು ಮೂರನೇ ಸಾಲಿನಿಂದ ಎಂಬತ್ತು ವರ್ಷದ ನೀಲಕ್ಕ ಕೇಳಿಯೇಬಿಟ್ಟಳು.

"ತಮ್ಮಾ, ಅದು ಏನು ತಿಂತೈತಿ?"

ಅಂದಾನೆಪ್ಪ ಸತ್ಯವಂತ. "ಮೀನಾ ಬೇ," ಎಂದ.

ಇನ್ನೂರು ಲಿಂಗವಂತರು ಒಮ್ಮೆಲೇ ಉಸಿರೆಳೆದುಕೊಂಡ ಸಪ್ಪಳ ಮೈಕಿನಲ್ಲಿಯೂ ಕೇಳಿಸಿತು. ಆ ದಿನದ ಊಟದಲ್ಲಿ ಸಾರನ್ನು ಜನ ತಾವೇ ಬಗ್ಗಿಸಿಕೊಂಡು ಉಂಡರು.

ಮರುದಿನ ಬೆಳಿಗ್ಗೆ ಚನಬಸಪ್ಪನವರು ಅಂದಾನೆಪ್ಪನ ಮನೆಗೆ ಬಂದು ಕಟ್ಟೆಯ ಮೇಲೆ ಕೂತರು. ಶಾಲು ವಾಪಸು ಕೇಳಲು ಬಂದಿರಬೇಕೆಂದು ಅಂದಾನೆಪ್ಪ ಅದನ್ನು ಮಡಚಿ ತಂದಿಟ್ಟ.

"ಶಾಲು ಇರಲಿ," ಅಂದರು ಚನಬಸಪ್ಪ. "ನೋಡು ಅಂದಾನೆಪ್ಪಾ, ನೀ ಪ್ರಾಣಿ ಅಂತಿ. ಆಗು. ನಾ ಬ್ಯಾಡ ಅನ್ನಾಂಗಿಲ್ಲ. ಆದ್ರ ಆಗೂದು ಆಗ್ತಿ, ಒಂದಿಷ್ಟು ಕುಲಾ ನೋಡಿ ಆಗಬಾರದೇನು? ಮೊಲ ಐತಿ, ಜಿಂಕಿ ಐತಿ, ಆನಿ ಐತಿ. ಅಂಥಾ ದೊಡ್ಡ ಆನಿ, ಹುಲ್ಲು ತಿಂದು ಬದುಕತೈತಿ. ಆನಿ ಆಗು. ಕಮಿಟಿಗೂ ಗೌರವ."

"ನಾ ಆಗಾಕತ್ತಿಲ್ರಿ," ಎಂದ ಅಂದಾನೆಪ್ಪ. "ಅದೇನಿ."

"ಅಳಿಲ ಆಗು. ಹಣ್ಣು ತಿಂತೈತಿ."

"ಅದು ಬ್ಯಾರೆ ರೀ."

ಚನಬಸಪ್ಪ ಬೆರಳು ಮಡಚುತ್ತ ಆಕಳು, ಕುರಿ, ಮಂಗ್ಯಾ, ಕಡೆಗೆ ಗಿಳಿಯವರೆಗೂ ಬಂದರು. ಅಂದಾನೆಪ್ಪ ಒಂದಕ್ಕೂ ಒಪ್ಪಲಿಲ್ಲ. ಆಗ ಅವರು ಎದ್ದು ನಿಂತು, ಅವನ ಮುಖ ನೋಡದೆ, "ಹಂಗಾದ್ರ ಬಕೀಟು, ಸೌಟು ಕೊಟ್ಟಬಿಡಪಾ," ಅಂದರು. "ಮುಂದಿನ ತಿಂಗಳ ನಮ್ಮ ನಿರ್ಮಲಾನ ಲಗ್ನ. ಬೀಗರು ಮುಂಡಗೋಡ ಕಡೆ ಸನವಳ್ಳಿಯವರು. ಉಳ್ಳಾಗಡ್ಡಿ ಕಂಡ್ರ ಹಾದಿ ಬಿಟ್ಟು ನಡ್ಯಾವರು. ಮೀನಿನ ಕೈಲೆ ಸಾರು ಅಂತ ಗೊತ್ತಾದ್ರ ನನ್ನ ಗತಿ ಏನು?"

ಇಪ್ಪತ್ತೈದು ವರ್ಷದಿಂದ ಹಿತ್ತಾಳೆ ಬಕೀಟು ಅಂದಾನೆಪ್ಪನ ಮನೆಯ ಗೂಡಿನಲ್ಲಿಯೇ ಇರುತ್ತಿತ್ತು. ಹುಣಿಸೆಹಣ್ಣು ಹಚ್ಚಿ ತಿಕ್ಕುವವನೂ ಅವನೇ. ತಂದು ಕೊಟ್ಟ. ಕೊಟ್ಟರೂ ಹಿಡಿಕೆ ಬಿಡಲು ಮನಸ್ಸಾಗಲಿಲ್ಲ. ಯಾಕೆಂದರೆ ಚನಬಸಪ್ಪನವರ ಮಗಳು ನಿರ್ಮಲಾ ಏಳು ವರ್ಷದವಳಿದ್ದಾಗ ಒಂದು ಪಂಗ್ತಿಯಲ್ಲಿ ದೊಡ್ಡವರ ನಡುವೆ ಸಿಕ್ಕಿಕೊಂಡು, ಯಾರೂ ಸಾರು ಹಾಕದೆ ಅಳುತ್ತ ಕೂತಿದ್ದಳು. ಅವಳ ಎಲೆಯನ್ನು ಕಂಡವನು ಅಂದಾನೆಪ್ಪ ಒಬ್ಬನೇ. ಅಂದು ಅವಳು ಮೂಗು ಸೀಟುತ್ತ, "ಕಾಕಾ, ನನ್ನ ಲಗ್ನದಾಗೂ ನೀವ ನೀಡಬೇಕು" ಅಂದಿದ್ದಳು. ಅವನು ಹೂಂ ಅಂದಿದ್ದ. ಈಗ ಲಗ್ನ ಬಂದಿತ್ತು, ಸೌಟು ಹೋಗಿತ್ತು. ಅವನಿಗೆ ಬಹಳ ದುಃಖವಾಯಿತು.

ಹೆಂಡತಿ ಶಂಕ್ರೆವ್ವನಿಗೆ ಹೇಳಿಕೊಳ್ಳೋಣವೆಂದರೆ ಆಕೆ ಮಾತು ಬಿಟ್ಟಿದ್ದಳು. ಗಂಡ ನೀರುನಾಯಿ ಎಂಬುದು ಅವಳ ಸಿಟ್ಟಿಗೆ ಕಾರಣವಲ್ಲ.

"ಇಪ್ಪತ್ತಾರು ವರ್ಷ ಒಂದ ಮನ್ಯಾಗ ಅದೇವಿ," ಎಂದು ಒಲೆಗೆ ಹೇಳಿದಳು, ಗಂಡನಿಗೆ ಕೇಳುವಷ್ಟು ಗಟ್ಟಿಯಾಗಿ. "ನನ್ನ ಮುಂದ ಹೇಳಲಿಲ್ಲ. ಮೈಕಿನ್ಯಾಗ ಹೇಳಿದ್ರು. ಹಾಲು ಹಾಕಾಕಿ ನನಗ ಹೇಳಬೇಕಾತು, ಅಕ್ಕಾ ನಿಮ್ಮ ಮನಿಯವರು ನೀರುನಾಯಿ ಅಂತಲ್ಲ ಅಂತ."

"ನೀ ಕೇಳಿರಲಿಲ್ಲ," ಎಂದ ಅಂದಾನೆಪ್ಪ. ಗಂಡಂದಿರು ಇಂಥ ಹೊತ್ತಿನಲ್ಲಿ ಹೇಳಬಾರದ ಮಾತುಗಳಲ್ಲಿ ಇದು ಮೊದಲನೆಯದು. ಅಂದಿನಿಂದ ರೊಟ್ಟಿ ತಾಟಿಗೆ ಬೀಳುತ್ತಿತ್ತು, ಮಾತು ಬೀಳುತ್ತಿರಲಿಲ್ಲ.

ಅಕ್ಕನ ಮಗ ರುದ್ರೇಶನೊಬ್ಬ ಮಾವನ ಕಡೆ ನಿಂತ. ಅವನು ದಾಂಡೇಲಿಯಲ್ಲಿ ಮೂರು ಕಂಪ್ಯೂಟರ್ ಇಟ್ಟುಕೊಂಡು ಇಂಟರ್‌ನೆಟ್ ಅಂಗಡಿ ನಡೆಸುತ್ತಿದ್ದ. ಒಂದು ಇಂಗ್ಲಿಷ್ ಕಾಗದ ಪ್ರಿಂಟ್ ತೆಗೆದು, ಲ್ಯಾಮಿನೇಶನ್ ಮಾಡಿಸಿ ತಂದ. "ಮಾಮಾ, ನೀ ಒಬ್ಬನ ಅಲ್ಲ. ಹೊರದೇಶದಾಗ ಇಂಥಾವರು ಭಾಳ ಮಂದಿ ಅದಾರ. ಒಳಗ ತೋಳ, ಒಳಗ ನರಿ, ಒಳಗ ಬೆಕ್ಕು. ಇವರಿಗೆ ಥೇರಿಯನ್ ಅಂತಾರ. ಮುಚ್ಚಿಡಬಾರದು, ಬಿಚ್ಚಿ ಹೇಳಬೇಕು, ಆಗ ಮಂದಿ ಅರ್ಥಾ ಮಾಡ್ಕೊಂತಾರ ಅಂತ ಬರದೈತಿ."

"ಅವರು ಲಿಂಗಾಯತರೇನು?" ಎಂದು ಕೇಳಿದ ಅಂದಾನೆಪ್ಪ.

"ಅದು ಬರದಿಲ್ಲ."

"ಹಂಗಾದ್ರ ಅವರಿಗೇನು ತ್ರಾಸು," ಎಂದು ಅಂದಾನೆಪ್ಪ ನಿಟ್ಟುಸಿರು ಬಿಟ್ಟ. ಆದರೂ ಆ ಕಾಗದವನ್ನು ನೀರು ಬಿಡಲು ಹೋದಲ್ಲೆಲ್ಲ ಹಿಡಿದುಕೊಂಡು ಹೋಗಿ ತೋರಿಸಿದ. ಲ್ಯಾಮಿನೇಶನ್ ಚಲೋ ಆಗೇತಿ ಎಂದು ಎಲ್ಲರೂ ಒಪ್ಪಿದರು.

ಸುದ್ದಿಗೆ ಕಾಲಿದೆ ಅನ್ನುತ್ತಾರೆ. ಈ ಸುದ್ದಿ ಬಸ್ಸಿನಲ್ಲಿ ಹೋಯಿತು. ಹಳಿಯಾಳದ ಸ್ಟ್ಯಾಂಡಿನಲ್ಲಿ ಹತ್ತುವಾಗ ಅದು "ಅಂದಾನೆಪ್ಪನ ಒಳಗ ನೀರುನಾಯಿ ಐತಿ" ಎಂದಿತ್ತು. ಅರ್ಧ ಹಾದಿಯಲ್ಲಿ "ಅಂದಾನೆಪ್ಪನ ಮನಿ ಒಳಗ" ಆಯಿತು. ದಾಂಡೇಲಿಯಲ್ಲಿ ಇಳಿಯುವಷ್ಟರಲ್ಲಿ ಅದು ಮೂರು ಮರಿ ಹಾಕಿತ್ತು. ಯಾರೋ ಪುಣ್ಯಾತ್ಮ ಅರಣ್ಯ ಇಲಾಖೆಗೆ ಒಂದು ಅರ್ಜಿ ಒಗೆದ. ಹದಿನೈದು ದಿನದೊಳಗೆ ಗಾರ್ಡ್ ದೇವರಾಜ ಮೋಟರ್ ಸೈಕಲ್ಲಿನ ಹಿಂದೆ ಬಲೆ, ಬೋನು ಕಟ್ಟಿಕೊಂಡು ಓಣಿಗೆ ಬಂದ. ಅವನ ಹಿಂದೆ ಓಣಿಯೂ ಬಂತು.

"ಅಂದಾನೆಪ್ಪ ಅನ್ನಾವರು ನೀವೇನ್ರಿ? ನಿಮ್ಮ ಮನ್ಯಾಗ ನೀರುನಾಯಿ ಐತಿ, ಮೂರು ಮರಿ ಅದಾವ ಅಂತ ಅರ್ಜಿ ಬಂದೈತಿ. ಸಾಕೂದು ಅಪರಾಧ ಆಗತೈತ್ರಿ."

"ಮರಿ ಇಲ್ರಿ," ಎಂದ ಅಂದಾನೆಪ್ಪ.

"ಹಂಗಾದ್ರ ದೊಡ್ಡದು ಐತಿ?"

"ಐತ್ರಿ."

"ಎಲ್ಲಿ?"

"ಇಲ್ಲೇ ರೀ. ನಿಮ್ಮ ಮುಂದ."

ದೇವರಾಜ ಅವನ ಹಿಂದೆ ಇಣುಕಿ ನೋಡಿದ. ಬಚ್ಚಲಲ್ಲಿ ನೋಡಿದ, ಹಂಡೆಯ ಮುಚ್ಚಳ ತೆಗೆದು ನೋಡಿದ, ಜೋಳದ ಚೀಲಗಳ ಸಂದಿಗೆ ಕೋಲು ಹಾಕಿದ. ಒಂದು ಹಲ್ಲಿ ಸಿಕ್ಕಿತು. ಕಡೆಗೆ ಅಂದಾನೆಪ್ಪ ಅವನನ್ನು ಕೂಡಿಸಿ ಇಡೀ ವೃತ್ತಾಂತ ಹೇಳಿದ. ದೇವರಾಜ ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡ. ಪ್ರಾಣಿ ಇದೆಯೆಂದು ಮನೆಯವನೇ ಒಪ್ಪುತ್ತಾನೆ, ಹಿಡಿಯಲು ಬರುವುದಿಲ್ಲ. ಇಲ್ಲವೆಂದು ಬರೆದರೆ ಒಪ್ಪಿಗೆ ಸುಳ್ಳಾಗುತ್ತದೆ. ಅಂಥ ಸಂದರ್ಭಕ್ಕೆ ಫಾರ್ಮಿನಲ್ಲಿ ಕಲಮು ಇರಲಿಲ್ಲ. ಇದ್ದ ಕಲಮುಗಳನ್ನೇ ತುಂಬತೊಡಗಿದ.

"ಉದ್ದ ಎಷ್ಟ್ರಿ?"

"ಐದು ಫೂಟು ನಾಕು ಇಂಚು."

"ಬಾಲ?"

"ಸದ್ಯ ಇಲ್ರಿ."

"ಎಲ್ಲಿಂದ ತಂದದ್ದು?"

ಈ ಪ್ರಶ್ನೆಗೆ ಅಡಿಗೆಮನೆಯ ಬಾಗಿಲಿನಿಂದ ಶಂಕ್ರೆವ್ವ ಉತ್ತರ ಕೊಟ್ಟಳು. "ನಮ್ಮತ್ತಿ ಹಡದದ್ದು ರೀ. ನಾ ಬಂದು ಇಪ್ಪತ್ತಾರು ವರ್ಷ ಆತು, ಅದಕ್ಕಿಂತ ಮೊದಲ ಇಲ್ಲೇ ಐತಿ. ನನಗ ಯಾರೂ ಹೇಳಿರಲಿಲ್ಲ."

ಚಹಾ ಬಂತು. ದೇವರಾಜ ಬಶಿಗೆ ಸುರುವಿಕೊಂಡು ಕುಡಿಯುತ್ತ ಪೆನ್ನು ಕೆಳಗಿಟ್ಟ. "ನಾ ಜೊಯಿಡಾ ಕಡೆ ಆರು ವರ್ಷ ಇದ್ದೆ ರೀ. ಹೊಳಿ ದಂಡಿ ಮ್ಯಾಲ ಅದ ಕೆಲಸ, ಇವನ್ನ ನೋಡೂದು. ಒಂದು ಮಾತು ಹೇಳ್ತೇನಿ, ನೀವು ಆರಿಸ್ಕೊಂಡದ್ದು ಭಾಳ ಸಂಭಾವಿತ ಪ್ರಾಣಿ. ಮೀನ ಹಿಡಿತೈತಿ, ತಾ ತಿನ್ನಾಂಗಿಲ್ಲ. ತಂದು ಮರಿ ಮುಂದ ಹಾಕತೈತಿ. ಮರಿ ಎಲ್ಲಾ ತಿನ್ನೂ ತನಕ ಕಲ್ಲಿನ ಮ್ಯಾಲ ಕುಂತು ನೋಡತೈತಿ. ಉಳದ್ರ ತಾ ತಿಂತೈತಿ."

"ಆರಿಸ್ಕೊಂಡದ್ದಲ್ರಿ," ಎಂದ ಅಂದಾನೆಪ್ಪ. ಅವನ ಕಣ್ಣುಗಳು ಒದ್ದೆಯಾಗಿದ್ದವು. ಮೀನು ಅಂದಕೂಡಲೆ ಎದ್ದು ಹೋಗದೆ ಕೂತು ಮಾತಾಡಿದ ಮೊದಲ ಮನುಷ್ಯ ಆ ಗಾರ್ಡು. ಅಡಿಗೆಮನೆಯ ಬಾಗಿಲಲ್ಲಿ ಶಂಕ್ರೆವ್ವ ಅದನ್ನೆಲ್ಲ ಕೇಳಿಸಿಕೊಂಡಳು.

ದೇವರಾಜ ಬರೆದ ಪಂಚನಾಮೆ ಹೀಗಿತ್ತು: "ಸದರಿ ಮನೆಯನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ, ಸದರಿ ನೀರುನಾಯಿಯು ಸದರಿ ಅಂದಾನೆಪ್ಪನವರ ಒಳಗೆ ಇರುವುದಾಗಿ ಅವರ ಹೇಳಿಕೆಯಿಂದ ತಿಳಿದುಬಂದಿದ್ದು, ಹೊರತೆಗೆಯಲು ಅವಕಾಶವಿಲ್ಲದ ಪ್ರಯುಕ್ತ ಸ್ವಸ್ಥಾನದಲ್ಲಿಯೇ ಬಿಡಲಾಗಿದೆ. ಆರೋಗ್ಯವಾಗಿದೆ." ಕೆಳಗೆ ಇಲಾಖೆಯ ಮುದ್ರೆಯ ಗುಂಡು ಸಿಕ್ಕೆ. ಅದರ ಒಂದು ಪ್ರತಿಯನ್ನು ಅಂದಾನೆಪ್ಪನಿಗೂ ಕೊಟ್ಟು ಹೋದ.

ಆ ಸಿಕ್ಕೆಯ ಪ್ರಭಾವ ಹೇಳತೀರದು. ಅಲ್ಲಿಯವರೆಗೆ ಅಂದಾನೆಪ್ಪ ಅಂದುಕೊಂಡಿದ್ದ ಒಂದು ವಿಷಯ ಈಗ ಸರಕಾರಿ ಸತ್ಯವಾಯಿತು. ಓಣಿಯವರು ಅವನನ್ನು ಕಂಡರೆ "ಹೆಂಗ ಐತ್ರಿ ಒಳಗ, ಆರಾಮ?" ಎಂದು ವಿಚಾರಿಸತೊಡಗಿದರು. "ಆರಾಮ ಐತ್ರಿ" ಎಂದು ಅವನು ಹೇಳಿದರೆ, "ಚಲೋ ಆತು" ಎಂದು ಕೊಡ ತುಂಬಿಕೊಳ್ಳುತ್ತಿದ್ದರು. ಇಷ್ಟಾದರೂ ಸೌಟು ಬರಲಿಲ್ಲ. ಮೀನು ಅಡ್ಡ ನಿಂತಿತ್ತು.

ಕಡೆಗೆ ವಿಷಯ ಮಠಕ್ಕೆ ಹೋಯಿತು. ಮಠದ ಸ್ವಾಮಿಗಳಾದ ಅಜ್ಜಾರಿಗೆ ಎಪ್ಪತ್ತು ದಾಟಿತ್ತು. ಊರಿನ ಎಲ್ಲ ಜಗಳಗಳನ್ನೂ ಕೇಳಿ ಕೇಳಿ ಅವರಿಗೆ ಯಾವುದರಲ್ಲಿಯೂ ಆಶ್ಚರ್ಯ ಉಳಿದಿರಲಿಲ್ಲ. ಚನಬಸಪ್ಪನವರ ದೂರನ್ನು ಕೇಳಿದರು, ಪಂಚನಾಮೆಯನ್ನು ಎರಡು ಸಲ ಓದಿಸಿ ಕೇಳಿದರು.

"ಅಂದಾನೆಪ್ಪನ ಕೊರಳಾಗ ಲಿಂಗ ಐತಿಲ್ಲೋ?"

"ಐತ್ರಿ ಅಜ್ಜಾರ."

"ಒಳಗಿನದಕ್ಕ?"

ಈ ಕಡೆಯಿಂದ ಚನಬಸಪ್ಪ ವಿಚಾರ ಮಾಡಿರಲಿಲ್ಲ.

"ನೋಡಪಾ," ಅಂದರು ಅಜ್ಜಾರು, "ಬಸುರಿ ಹೆಣ್ಣುಮಗಳಿಗೆ ಎಂಟ ತಿಂಗಳಾಗ ಹೊಟ್ಟಿ ಒಳಗಿನ ಕೂಸಿಗೂ ಲಿಂಗ ಕೊಡತೇವಿ. ಅದು ಗಂಡೋ ಹೆಣ್ಣೋ, ಕರದೋ ಬಿಳದೋ, ಕಂಡಾವರು ಯಾರು? ಒಳಗೈತಿ ಅಂತ ತಾಯಿ ಹೇಳ್ತಾಳ, ನಾವು ನಂಬತೇವಿ. ಇವನೂ ಒಳಗೈತಿ ಅಂತಾನ. ಸೋಮವಾರ ಬರ್ರಿ, ಅದಕ್ಕೂ ಒಂದು ಲಿಂಗ ಕಟ್ಟೂಣು."

ಶಾಸ್ತ್ರ ಗಂಡಸರ ಕೈಯಲ್ಲಿ ಇರುವವರೆಗೆ ಸರಳವಾಗಿರುತ್ತದೆ. ಹೆಂಗಸರ ಕಿವಿಗೆ ಬಿದ್ದಾಗ ಅದು ಪೂರ್ತಿಯಾಗುತ್ತದೆ. ನೀಲಕ್ಕ ಸುದ್ದಿ ಕೇಳಿದವಳೇ ಕೋಲೂರಿಕೊಂಡು ಅಂದಾನೆಪ್ಪನ ಮನೆಗೆ ಬಂದಳು.

"ಎಂಟರ ಲಿಂಗ ಆಗಬೇಕಂದ್ರ ಏಳರ ಕುಬಸ ಆಗಿರಬೇಕು. ಕುಬಸ ಇಲ್ಲದ ದೀಕ್ಷಾ ನಮ್ಮ ಓಣ್ಯಾಗ ಇದ್ದದ್ದಿಲ್ಲ."

"ಅದು ಬಸುರಿಗೆ ಬೇ," ಎಂದ ಅಂದಾನೆಪ್ಪ.

"ಒಳಗೊಂದು ಜೀವ ಐತೋ ಇಲ್ಲೋ?"

"ಐತಿ."

"ಮತ್ತ? ಬಾಯಿ ಮುಚ್ಚಿ ಮಣಿ ಮ್ಯಾಲ ಕುಂದರು."

ಸೀಮಂತಕ್ಕೆಂದು ಐವರು ಮುತ್ತೈದೆಯರು ಬಂದರು. ಹಸಿರು ಖಣ ಬಂತು, ಐದು ನಮೂನೆಯ ಬುತ್ತಿ ಬಂತು. ಬಳೆಗಾರ್ತಿ ಗೋದುಬಾಯಿ ಏರಿಸಲು ಹೋಗಿ ಒಂದು ಡಜನ್ ಹಸಿರು ಬಳೆ ಒಡೆದಳು. ವಾಲ್ವ್ ತಿರುಗಿಸಿದ ಕೈಗೆ ಎರಡೇ ಏರಿದವು. "ನಲವತ್ತು ವರ್ಷ ಬಳಿ ಇಡಸೇನಿ, ಇಂಥಾ ಬಸುರಿ ಕೈ ನೋಡಿಲ್ರೀ ಯವ್ವಾ," ಎಂದು ಬೆವರು ಒರೆಸಿಕೊಂಡಳು. ನೀಲಕ್ಕ ಅವನ ಕಿವಿಯಲ್ಲಿ ಬಾಯಿಟ್ಟು ಬಯಕೆ ಕೇಳಿದಳು. "ಏನು ತಿನ್ನಬೇಕು ಅನಸಾಕತ್ತೈತಿ ತಮ್ಮಾ?" ಎಂದು ಕೇಳಿದವಳು, ತಟ್ಟನೆ ನೆನಪಾಗಿ, "ಬ್ಯಾಡ ಬ್ಯಾಡ, ಹೇಳಬ್ಯಾಡ" ಎಂದು ಅವನ ಬಾಯಿಗೆ ಒಂದು ಕರಚಿಕಾಯಿ ತುರುಕಿದಳು. ಹಸಿರು ಬಳೆ ಹಾಕಿಕೊಂಡು, ಮೀಸೆಗೆ ಸಕ್ಕರೆ ಅಂಟಿಸಿಕೊಂಡು ಕೂತ ಗಂಡನನ್ನು ನೋಡಿ ಶಂಕ್ರೆವ್ವ ಬಾಯಿಗೆ ಸೆರಗು ಹಿಡಿದು ಒಳಗೆ ಓಡಿದಳು. ನಕ್ಕಳು ನಿಜ. ಮಾತು ಮಾತ್ರ ಆಡಲಿಲ್ಲ.

ಸೋಮವಾರ ಮಠದಲ್ಲಿ ಅಜ್ಜಾರು ಅಂದಾನೆಪ್ಪನಿಗೆ ಇನ್ನೊಂದು ಲಿಂಗ ಕಟ್ಟಿದರು, ವಿಭೂತಿ ಹಚ್ಚಿದರು. ಎಲ್ಲ ಸುಸೂತ್ರವಾಗಿ ಮುಗಿಯಿತು ಅನ್ನುವಾಗ ಚನಬಸಪ್ಪನವರು ಎದ್ದು ನಿಂತರು.

"ಅಜ್ಜಾರ, ಒಂದ ಅರಿಕಿ. ಇನ್ನಮ್ಯಾಲೆ ಅದು ಮೀನು ಬಿಟ್ಟೈತಿ ಅಂತ ಇವನ ಬಾಯಲೆ ಒಂದು ಮಾತು ಬರಲಿ. ಈಗಿಂದೀಗ ಬಕೀಟು ತಂದು ಇವನ ಕೈಯಾಗ ಕೊಡತೇನಿ. ಬೀಗರಿಗೂ ಉತ್ತರಾ ಹೇಳಾಕ ಬರತೈತಿ."

ಒಂದು ಮಾತು. ಸಭೆಯಲ್ಲಿ ಎಲ್ಲರೂ ಅಂದಾನೆಪ್ಪನ ಕಡೆ ನೋಡಿದರು. ಹೂಂ ಅಂದುಬಿಡು ಎಂದು ರುದ್ರೇಶ ಹಿಂದಿನಿಂದ ಚಿವುಟಿದ. ಅಂದಾನೆಪ್ಪನಿಗೆ ಬಕೀಟು ಕಣ್ಣ ಮುಂದೆ ಬಂತು, ನಿರ್ಮಲಾ ಬಂದಳು. ಆದರೂ ಅವನು ಕೈ ಮುಗಿದು ನಿಂತು ಹೇಳಿದ್ದು ಇದು:

"ನಾ ಹುಟ್ಟಿದಾಗಿಂದ ಮೀನು ಮುಟ್ಟಿಲ್ರಿ, ಸಾಯೂ ತನಕ ಮುಟ್ಟಾಂಗಿಲ್ಲ. ನನ್ನ ಮಾತು ಕೊಡತೇನಿ. ಆದ್ರ ಅದು ಬಿಟ್ಟೈತಿ ಅಂತ ಹೆಂಗ ಹೇಳಲ್ರಿ? ಮೀನು ಬಿಟ್ರ ಅದು ನೀರುನಾಯಿ ಹೆಂಗ ಆದೀತು? ಎರಡೆರಡು ಲಿಂಗ ಕಟ್ಕೊಂಡು ಸುಳ್ಳು ಹೇಳಲೇನ್ರಿ ಅಜ್ಜಾರ?"

ಅಜ್ಜಾರು ದೂರು ತಂದವರ ಕಡೆ ತಿರುಗಿದರು. "ಚನಬಸಪ್ಪಾ," ಅಂದರು, "ಸೌಟಿನ ಆಸೇಕ್ಕೂ ಇವ ಸುಳ್ಳು ಹೇಳಲಿಲ್ಲ. ಮಠದ ಕಡಿಂದ ಇವಗ ಅಡ್ಡಿ ಇಲ್ಲ. ಆದ್ರ ಸೌಟು ನಿಮ್ಮ ಕಮಿಟೀದು, ಲಗ್ನ ನಿಮ್ಮ ಮನೀದು." ದೊಡ್ಡವರು ಹೀಗೆಯೇ. ಹೊಳೆಯ ನಡುವಿನವರೆಗೆ ದಾಟಿಸಿ, ಅಲ್ಲಿಂದ ಈಜಲು ಬಿಡುತ್ತಾರೆ. ಬಕೀಟು ಬರಲಿಲ್ಲ.

ಲಗ್ನದ ದಿನ ಅಂದಾನೆಪ್ಪನಿಗೆ ಕಲ್ಯಾಣಮಂಟಪದ ಹಿಂದೆ, ಕೈ ತೊಳೆಯುವ ನೀರಿನ ಡ್ರಮ್ಮುಗಳ ಹತ್ತಿರ ಕೆಲಸ ಕೊಟ್ಟಿದ್ದರು. ನೀರಿನವನಿಗೆ ನೀರು, ಇದರಲ್ಲಿ ಅವಮಾನವೇನಿಲ್ಲ ಎಂದು ಚನಬಸಪ್ಪ ಮೂರು ಸಲ ಹೇಳಿದ್ದರು. ಮೂರು ಸಲ ಹೇಳಬೇಕಾದ ಮಾತು ಎಂಥದ್ದೆಂದು ಎಲ್ಲರಿಗೂ ಗೊತ್ತು. ಸಾರಿನ ಬಕೀಟು ರುದ್ರೇಶನ ಕೈಗೆ ಹೋಗಿತ್ತು. ಮಾವನ ಮರ್ಯಾದೆ ಮನೆತನದಲ್ಲಿಯೇ ಉಳಿಯಲಿ ಎಂದು ಅವನೇ ಕೇಳಿ ಪಡೆದಿದ್ದ.

"ಹೆಂಗ ಹಾಕಬೇಕು ಮಾಮಾ? ಏನಾರ ಅಳತಿ ಐತೇನು?"

"ಸೊಂಟ ಬಗ್ಗಸು. ಗುಂಡಿ ನೋಡು. ಮಾರಿ ನೋಡಬ್ಯಾಡ," ಎಂದಿದ್ದ ಅಂದಾನೆಪ್ಪ.

ರುದ್ರೇಶ ಕಂಪ್ಯೂಟರ್ ಮುಂದೆ ಕೂತ ಹುಡುಗ. ಅವನ ಸೊಂಟ ಬಗ್ಗಲಿಲ್ಲ. ಮೊದಲ ಪಂಗ್ತಿಯಲ್ಲಿ ಇನ್ನೂರು ಜನ ಕೂತಿದ್ದರು, ಮೊದಲ ಎಲೆಯಲ್ಲಿ ಸನವಳ್ಳಿಯ ಬೀಗರು. ಹುಗ್ಗಿ ಬಂದಿತ್ತು, ಬದನೆಕಾಯಿ ಪಲ್ಯ ಬಂದಿತ್ತು, ಬಿಸಿ ಅನ್ನ ಬಂದು ಇನ್ನೂರು ಗುಂಡಿಗಳು ಬಾಯಿ ತೆರೆದು ಕಾಯುತ್ತಿದ್ದವು. ರುದ್ರೇಶ ನೆಟ್ಟಗೆ ನಿಂತು, ಬೀಗರ ಮುಖ ನೋಡಿ ಒಂದು ನಮಸ್ಕಾರ ಹಾಕಿ, ಮೇಲಿನಿಂದ ಸೌಟು ಬಗ್ಗಿಸಿದ. ಸಾರು ಅನ್ನದ ಗುಡ್ಡವನ್ನು ಒಡೆದು, ಪತ್ರಾವಳಿಯ ಕಡ್ಡಿಗಳ ಸಂದಿಯಿಂದ ಹೊರಟು, ಬೀಗರ ಹೊಸ ಧೋತರವನ್ನು ಮುಟ್ಟಿತು. ಬೀಗರು ಕೂತಲ್ಲಿಯೇ ಒಂದು ಗೇಣು ಮೇಲೆದ್ದರು. ಗಾಬರಿಯಾದ ರುದ್ರೇಶ ಹಿಂದೆ ಸರಿದ. ಹಿಂದಿನ ಸಾಲಿನವರ ಹುಗ್ಗಿಯಲ್ಲಿ ಅವನ ಕಾಲು ಹೋಯಿತು. ಆಮೇಲೆ ಅವನು ಬಕೀಟನ್ನು ಎದೆಗೆ ಅಪ್ಪಿಕೊಂಡು ನಿಂತುಬಿಟ್ಟ. ಮುಂದೆ ಹೆಜ್ಜೆ ಇಡಲೊಲ್ಲ, ಯಾರಿಗೂ ಬಕೀಟು ಕೊಡಲೊಲ್ಲ.

ಹಸಿದ ಇನ್ನೂರು ಜನರ ಮುಂದೆ ಅನ್ನ ಆರತೊಡಗಿತು. ಹಸಿದವನಿಗೆ ಅರ್ಥವಾಗದ ತತ್ವ ಲೋಕದಲ್ಲಿ ಇಲ್ಲ. ಹೆಂಗಸರ ಸಾಲಿನಿಂದ ನೀಲಕ್ಕನ ದನಿ ಬಂತು.

"ಎಲ್ಲೈತಿ ನಮ್ಮ ನೀರುನಾಯಿ? ಕರೀರಿ ಅದನ್ನ. ಅನ್ನ ಆರಾಕತ್ತೈತಿ."

ಪಕ್ಕದವರು ಅದನ್ನೇ ಹೇಳಿದರು. ಅವರ ಪಕ್ಕದವರೂ ಹೇಳಿದರು. ಮಾತು ಸಾಲು ಹಿಡಿದು ಬಾಗಿಲಿನವರೆಗೆ ಹೋಯಿತು: ನೀರುನಾಯಿನ್ನ ಕರೀರಿ, ನೀರುನಾಯಿನ್ನ ಕರೀರಿ.

ಬೀಗರು ಧೋತರ ಹಿಂಡುವುದನ್ನು ನಿಲ್ಲಿಸಿದರು. "ಏನ್ರಿ ಅದು ನೀರುನಾಯಿ?"

ಚನಬಸಪ್ಪನವರು ಬೆವತರು. ಮಂಟಪದ ಮೇಲೆ ಬಾಸಿಂಗ ಕಟ್ಟಿಕೊಂಡು ಕೂತಿದ್ದ ನಿರ್ಮಲಾ ಅಪ್ಪನನ್ನೇ ನೋಡುತ್ತಿದ್ದಳು. ಏಳು ವರ್ಷದವಳಿದ್ದಾಗ ಸಾರಿಗಾಗಿ ನೋಡುತ್ತಿದ್ದ ನೋಟವೇ ಅದು. ಅಪ್ಪ ಆ ನೋಟವನ್ನು ಹೆಚ್ಚು ಹೊತ್ತು ತಾಳಲಿಲ್ಲ.

"ನಮ್ಮ ಓಣ್ಯಾಗ ಒಬ್ಬಾಂವ ಅದಾನ್ರಿ," ಅಂದರು. "ನೀರುನಾಯಿ."

"ಮನಷ್ಯಾ ಹೌದಲ್ಲೋ?"

"ಹೊರಗ ಮನಷ್ಯಾ ರೀ. ಒಳಗ ನೀರುನಾಯಿ. ಸರಕಾರದ ಕಾಗದ ಐತಿ. ಮಠದ ದೀಕ್ಷಾನೂ ಆಗೇತಿ." ಶುರುವಾದ ಮೇಲೆ ಅವರಿಗೆ ತಮ್ಮ ದನಿಯಲ್ಲಿ ಒಂದು ಬಗೆಯ ಹೆಮ್ಮೆ ಕೇಳಿಸಿರಬೇಕು. "ಕುಬಸ ಸಹಿತ ಮಾಡೇವ್ರಿ. ಸಾರು ನೀಡೂದ್ರಾಗ ಈ ಸೀಮಿಯೊಳಗ ಅಂಥಾಂವ ಇಲ್ಲ."

ಬೀಗರು ವಿಚಾರ ಮಾಡಿದರು. ಅವರೂ ನಮ್ಮವರೇ, ಮನುಷ್ಯ ನೀರುನಾಯಿ ಹೇಗಾದ ಎಂದು ಕೇಳಲಿಲ್ಲ. ಅವರಿಗೆ ಇದ್ದದ್ದೂ ಒಂದೇ ಪ್ರಶ್ನೆ.

"ಏನು ತಿಂತೈತ್ರಿ ಅದು?"

ಅಷ್ಟರಲ್ಲಿ ಅಂದಾನೆಪ್ಪ ಒದ್ದೆ ಕೈಯಲ್ಲಿ ಬಾಗಿಲಿಗೆ ಬಂದು ನಿಂತಿದ್ದ. ಪ್ರಶ್ನೆ ಅವನಿಗೂ ಕೇಳಿಸಿತು. ಅವನು ಬಾಯಿ ತೆರೆದರೆ ಏನು ಹೇಳುತ್ತಾನೆಂದು ಇಡೀ ಓಣಿಗೆ ಗೊತ್ತಿತ್ತು. ಚನಬಸಪ್ಪ ಕಣ್ಣು ಮುಚ್ಚಿಕೊಂಡರು. ಅಂದಾನೆಪ್ಪ ಬಾಯಿ ತೆರೆದ.

ಅವನಿಗಿಂತ ಮೊದಲು ಹೆಂಗಸರ ಸಾಲಿನಲ್ಲಿ ಶಂಕ್ರೆವ್ವ ಎದ್ದು ನಿಂತಳು. ಸೆರಗು ತಲೆಯ ಮೇಲೆ ಎಳೆದುಕೊಂಡು, ಯಾರ ಕಡೆಯೂ ನೋಡದೆ ಹೇಳಿದಳು.

"ಎಲ್ಲಾರೂ ಉಂಡ ಮ್ಯಾಲೆ ಉಳದದ್ದು ತಿಂತೈತ್ರಿ. ಉಳೀಲಿಲ್ಲಂದ್ರ ಹಂಗ ಮನಿಗೆ ಬರತೈತಿ. ಇಪ್ಪತ್ತಾರು ವರ್ಷ ಬಾಗಲಾ ತಗದಾಕಿ ನಾನ ಅದೇನಿ."

ಬೀಗರು ಆಕೆಯನ್ನು ನೋಡಿದರು, ಬಾಗಿಲಲ್ಲಿ ನಿಂತವನನ್ನು ನೋಡಿದರು. ಆಮೇಲೆ ಒಡೆದುಹೋದ ಅನ್ನವನ್ನು ಬೆರಳಿನಿಂದ ಒಟ್ಟುಮಾಡಿ, ನಡುವೆ ಹೊಸದೊಂದು ಗುಂಡಿ ಮಾಡಿದರು.

"ಹಂಗಾದ್ರ ಬರ್ರಿ ನೀರುನಾಯೇರ," ಅಂದರು. "ಮೊದಲ ನಮಗ ನೀಡ್ರಿ."

ರುದ್ರೇಶನ ಅಪ್ಪುಗೆಯಿಂದ ಚನಬಸಪ್ಪನವರೇ ಬಕೀಟು ಬಿಡಿಸಿ ತಂದು ಅಂದಾನೆಪ್ಪನ ಕೈಯಲ್ಲಿಟ್ಟರು. ಅವನು ಸೊಂಟ ಬಗ್ಗಿಸಿದ. ಆಮೇಲಿನದನ್ನು ವರ್ಣಿಸುವ ಶಕ್ತಿ ನನಗಿಲ್ಲ. ಕಂಡವರು ಹೇಳುವುದೇನೆಂದರೆ, ಅವನು ಸಾಲಿನ ನಡುವೆ ಜಾರಿಕೊಂಡು ಹೋಗುವುದನ್ನು ಇಪ್ಪತ್ತೈದು ವರ್ಷ ಎಲ್ಲರೂ ನೋಡಿದ್ದರು, ಅದು ಈಜು ಎಂದು ಗೊತ್ತಾದದ್ದು ಅಂದೇ. ಮೂರು ಪಂಗ್ತಿ ಮುಗಿದವು. ಒಬ್ಬರ ಮಡಿಲೂ ತೋಯಲಿಲ್ಲ. ನಾಲ್ಕನೆಯದರಲ್ಲಿ ನಿರ್ಮಲಾ ಗಂಡನ ಪಕ್ಕ ಕೂತಳು. ಅವಳ ಗುಂಡಿಗೆ ಎರಡು ಸೌಟು ಬಿತ್ತು. "ಕಾಕಾ, ಬಂದ್ರಲ್ಲ," ಅಂದಳು ಅವಳು. "ಬಂದೆನಲ್ಲವಾ," ಅಂದ ಅವನು. ಕಣ್ಣೀರು ಸಾರಿಗೆ ಬೀಳದಂತೆ ಮುಖ ಆಚೆ ತಿರುಗಿಸಿದ.

ಎಲ್ಲರದೂ ಆಗಿ, ಪತ್ರಾವಳಿಗಳನ್ನು ಎತ್ತಿ, ನೆಲ ತೊಳೆಯುವ ಹೊತ್ತಿಗೆ ಅಂದಾನೆಪ್ಪ ಕಂಬಕ್ಕೆ ಒರಗಿ ಕೂತ. ಬಕೀಟಿನ ತಳದಲ್ಲಿ ಒಂದು ಸೌಟಿನಷ್ಟು ಉಳಿದಿತ್ತು. ಶಂಕ್ರೆವ್ವ ಎಲೆ ಹಾಕಿ, ಮೊದಲೇ ತೆಗೆದಿಟ್ಟಿದ್ದ ಅನ್ನ ಬಡಿಸಿ, ತಾನೇ ಬಕೀಟು ಬಗ್ಗಿಸಿ ಸಾರು ನೀಡಿದಳು. ಅರ್ಧ ಅನ್ನಕ್ಕೆ ಬಿತ್ತು, ಅರ್ಧ ಅವನ ಧೋತರಕ್ಕೆ. ಅವನು ಧೋತರ ಹಿಂಡಿಕೊಂಡು ಎಲೆಯನ್ನು ಹತ್ತಿರ ಎಳೆದುಕೊಂಡ.

"ಇನ್ನಮ್ಯಾಲೆ ನಿಮ್ಮ ಬಗ್ಗೆ ಎರಡ ಮಾತು ಏನಾರ ಇದ್ರ," ಅಂದಳು ಶಂಕ್ರೆವ್ವ, ಎದುರಿಗೆ ಕೂತು, ಒಂದೂವರೆ ತಿಂಗಳ ಮೇಲೆ ಮೊದಲ ಸಲ ಅವನ ಮುಖ ನೋಡಿ, "ಮೊದಲ ನನಗ ಹೇಳಬೇಕು. ಮೈಕಿಗಲ್ಲ."

"ಹೂಂ."

"ಹೇಳ್ರಿ ಹಂಗಾದ್ರ. ನಾ ಈಗ ಕೇಳಾಕತ್ತೇನಿ."

ಅಂದಾನೆಪ್ಪ ಒಂದು ತುತ್ತು ಬಾಯಿಗಿಟ್ಟು, ಅಗಿದು, ಬಹಳ ಹೊತ್ತು ವಿಚಾರ ಮಾಡಿದ. ಅವನು ಸತ್ಯವಂತ, ಕೇಳಿದ್ದಕ್ಕೆ ಉತ್ತರ ಕೊಡದೆ ಇರುವವನಲ್ಲ.

"ಉಪ್ಪು ಕಡಿಮಿ," ಎಂದ.